ಸಣ್ಣ ಮಕ್ಕಳು ಮತ್ತು ಶನಿವಾರದ ಥಂಡಿ

ನಮ್ಮ ದೇಶದಲ್ಲಿ ಮುಖ್ಯವಾಗಿ ಮೂರು ಕಾಲಗಳಿವೆ. ಅವು ಬೇಸಿಗೆ ಕಾಲ, ಮಳೆಗಾಲ ಮತ್ತು ಚಳಿಗಾಲ. ಮಳೆಗಾಲ ಬಂದರೆ ಎಲ್ಲರೂ ಕೊಡೆ ಹುಡುಕುತ್ತಾರೆ. ಬೇಸಿಗೆ ಬಂದರೆ ಶಾಲೆಗೇ ಸೂಟಿ ಕೊಡುತ್ತಾರೆ. ಆದರೆ ಚಳಿಗಾಲಕ್ಕೆ ಸೂಟಿಯೂ ಇಲ್ಲ, ತಯಾರಿಯೂ ಇಲ್ಲ. "ನಮ್ಮದು ಬಿಸಿಲು ನಾಡು, ಇಲ್ಲೇನ್ ಥಂಡಿ ಬಿಡ್ರಿ" ಅಂತ ಅಂದುಬಿಡುತ್ತಾರೆ. ಇದು ಪೂರ್ತಿ ಖರೆ ಅಲ್ಲ. ನಮ್ಮ ವಿಜಯಪುರ ಜಿಲ್ಲೆಯಲ್ಲಿ ಏಪ್ರಿಲ್-ಮೇ ತಿಂಗಳಿನಲ್ಲಿ ಬಿಸಿಲು 40 ಡಿಗ್ರಿ ದಾಟುತ್ತದೆ. ಅದೇ ಊರಿನಲ್ಲಿ ಡಿಸೆಂಬರ್-ಜನವರಿಯ ಕೆಲವು ರಾತ್ರಿ 10 ಡಿಗ್ರಿ ಆಸುಪಾಸಿಗೆ ಇಳಿಯುತ್ತದೆ. 40ಕ್ಕೆ ರೂಢಿಯಾದ ಮೈಗೆ 10 ಅಂದರೆ ಸಣ್ಣ ಮಾತಲ್ಲ.

ಈ ಲೇಖನವನ್ನು ನಾನು ಒಂದು ಕಾರಣಕ್ಕೆ ಬರೆಯುತ್ತಿದ್ದೇನೆ. ಈಗ ಹತ್ತಿ ಬಿಡಿಸುವ ಕಾಲ. ನಮ್ಮ ಓಣಿಯ ಅವ್ವಂದಿರು ಹೊತ್ತು ಮೂಡುವುದಕ್ಕೆ ಮೊದಲೇ ಹೊಲಕ್ಕೆ ಹೋಗುತ್ತಾರೆ. ಆದ್ದರಿಂದ ಸಣ್ಣವರನ್ನು ತಯಾರು ಮಾಡಿ ಶಾಲೆಗೆ ಕರೆದುಕೊಂಡು ಬರುವುದು ನಮ್ಮಂಥ ಆರನೇ, ಏಳನೇ ತರಗತಿಯವರ ಕೆಲಸ. ನಾನು ದಿನಾಲು ಐದು ಮಕ್ಕಳನ್ನು ಕರೆದುಕೊಂಡು ಬರುತ್ತೇನೆ. ಅವರಲ್ಲಿ ಒಬ್ಬ ಒಂದನೇ ತರಗತಿಯ ಹುಡುಗ. ಅವನ ಅಜ್ಜಿ ಹಳೆಯ ಖಣದ ಕುಪ್ಪಸ ಬಿಚ್ಚಿ ಅವನಿಗೆ ಒಂದು ಕುಂಚಿಗಿ ಹೊಲಿದುಕೊಟ್ಟಿದ್ದಳು. ಅದು ತಲೆ, ಕಿವಿ ಮುಚ್ಚಿ ಹಿಂದೆ ಬೆನ್ನಿನವರೆಗೆ ಇಳಿಯುತ್ತದೆ. ಒಂದು ಶನಿವಾರ ಅವನು ಅದನ್ನು ಹಾಕಿಕೊಂಡು ಬಂದ. ನಮ್ಮ ಕ್ಲಾಸಿನವರು "ತೊಟ್ಟಿಲಾಗಿನ ಕೂಸು ಬಂತು ನೋಡ್ರಿ" ಎಂದು ನಕ್ಕೆವು. ಮೊದಲು ನಕ್ಕವಳು ನಾನೇ.

ಮುಂದಿನ ಶನಿವಾರ ಅವನ ತಲೆಯ ಮೇಲೆ ಏನೂ ಇರಲಿಲ್ಲ. ಪ್ರಾರ್ಥನೆಯಲ್ಲಿ ನಿಂತಾಗ ಅವನ ಹಲ್ಲು ಕಟಕಟ ಅನ್ನುವುದು ನನಗೆ ಕೇಳಿಸಿತು. ಒಳಗೆ ಹೋದ ಮೇಲೆ ಪಾಟಿಯ ಮೇಲೆ ಒಂದು ಅಕ್ಷರವೂ ಬರೆಯಲಿಲ್ಲ. ಬರೆಯಲಿಲ್ಲ ಅಂತ ಬೈಸಿಕೊಂಡ. ನಾನು ಅವನ ಕೈ ಹಿಡಿದು ನೋಡಿದೆ. ಬೆರಳು ಕಲ್ಲಿನ ಹಾಗೆ ತಣ್ಣಗಿದ್ದವು, ಬಳಪ ಹಿಡಿಯಲು ಬರುತ್ತಿರಲಿಲ್ಲ. "ಕುಂಚಿಗಿ ಎಲ್ಲೈತೋ?" ಎಂದು ಕೇಳಿದೆ. ಅವನು ಚೀಲ ತೆರೆದು ತೋರಿಸಿದ. ಒಳಗೆ ಮಡಚಿ ಇಟ್ಟಿದ್ದ. ಅಜ್ಜಿ ಮನೆಯಲ್ಲಿ ಹಾಕಿ ಕಳಿಸುತ್ತಾಳೆ, ಇವನು ಬಾವಿಯ ತಿರುವಿನಲ್ಲಿ ತೆಗೆಯುತ್ತಾನೆ. "ನೀವು ನಗತೀರಿ ಅಕ್ಕಾ" ಅಂದ. ನನಗೆ ಬಹಳ ಕೆಟ್ಟ ಅನಿಸಿತು.

ಅದಕ್ಕೇ ನಾನು ವಿಜ್ಞಾನದ ಸರ್, ನಮ್ಮ ಅಕ್ಕೋರು, ಆಶಾ ಕಾರ್ಯಕರ್ತೆ ಮತ್ತು ನಮ್ಮ ಅಜ್ಜಿಯನ್ನು ಕೇಳಿ ತಿಳಿದುಕೊಂಡದ್ದನ್ನು ಇಲ್ಲಿ ಬರೆದಿದ್ದೇನೆ. ದೊಡ್ಡ ಮಕ್ಕಳು ದಯವಿಟ್ಟು ಪೂರ್ತಿ ಓದಿರಿ.

ನಮ್ಮ ಊರಿಗೆ ಥಂಡಿ ಎಲ್ಲಿಂದ ಬರುತ್ತದೆ?

ಡಿಸೆಂಬರ್ 21 ಅಥವಾ 22ರಂದು ನಮಗೆ ವರ್ಷದ ಅತಿ ಸಣ್ಣ ಹಗಲು. ನಮ್ಮ ಭಾಗದಲ್ಲಿ ಆಗ ಹಗಲು ಸುಮಾರು 11 ತಾಸು, ರಾತ್ರಿ ಸುಮಾರು 13 ತಾಸು. ಹಗಲಿನಲ್ಲಿ ಭೂಮಿ ಕಾಯುತ್ತದೆ, ರಾತ್ರಿ ಆ ಶಾಖವನ್ನು ಆಕಾಶಕ್ಕೆ ಬಿಡುತ್ತದೆ. ಬಿಡುವ ಹೊತ್ತು ಹೆಚ್ಚಾದರೆ ಥಂಡಿಯೂ ಹೆಚ್ಚು.

ಎರಡನೆಯ ಕಾರಣ ಮೋಡ. ಮಳೆಗಾಲದಲ್ಲಿ ಮೋಡಗಳು ಭೂಮಿಗೆ ಕೌದಿ ಹೊದಿಸಿದಂತೆ ಇರುತ್ತವೆ. ಭೂಮಿಯ ಶಾಖವನ್ನು ತಡೆದು ಹಿಂದಕ್ಕೆ ಕಳಿಸುತ್ತವೆ. ಚಳಿಗಾಲದಲ್ಲಿ ಆಕಾಶ ಸ್ವಚ್ಛ ಇರುತ್ತದೆ, ಚಿಕ್ಕಿಗಳು ಚೆನ್ನಾಗಿ ಕಾಣುತ್ತವೆ. ಆದರೆ ಭೂಮಿಯ ಮೇಲೆ ಕೌದಿ ಇಲ್ಲ. ಅದಕ್ಕೇ ಚಿಕ್ಕಿ ಬಹಳ ಹೊಳೆಯುವ ರಾತ್ರಿ ಥಂಡಿಯೂ ಬಹಳ.

ಮೂರನೆಯ ಕಾರಣ ಸಮುದ್ರ. ನೀರು ಬೇಗ ಕಾಯುವುದಿಲ್ಲ, ಬೇಗ ಆರುವುದೂ ಇಲ್ಲ. ಆದ್ದರಿಂದ ಮಂಗಳೂರಿನಲ್ಲಿ ಜನವರಿಯ ರಾತ್ರಿ ಕೂಡ ಸಾಧಾರಣವಾಗಿ 20 ಡಿಗ್ರಿ ಆಸುಪಾಸು ಇರುತ್ತದೆ. ನಮ್ಮದು ಸಮುದ್ರದಿಂದ ದೂರದ ಬಯಲು ನಾಡು. ಸಮುದ್ರ ಮಟ್ಟದಿಂದ ಸುಮಾರು 600 ಮೀಟರ್ ಎತ್ತರದಲ್ಲಿದೆ. ಇಲ್ಲಿ ನೆಲ ಬೇಗ ಕಾಯುತ್ತದೆ, ಬೇಗ ಆರುತ್ತದೆ. ಮೇಲೆ ಒಣ ಮೂಡಗಾಳಿ ಬೇರೆ ಬೀಸುತ್ತದೆ.

ಈಗ ಒಂದು ಪ್ರಶ್ನೆ. ದಿನದಲ್ಲಿ ಎಲ್ಲಕ್ಕಿಂತ ಥಂಡಿಯ ಹೊತ್ತು ಯಾವುದು? ನಡುರಾತ್ರಿ ಅಂತ ನಾನು ಹೇಳಿದ್ದೆ. ಅದು ತಪ್ಪು. ಭೂಮಿ ರಾತ್ರಿ ಪೂರ್ತಿ ಆರುತ್ತಾ ಹೋಗುತ್ತದೆ. ಆದ್ದರಿಂದ ಹೊತ್ತು ಮೂಡುವ ಆಸುಪಾಸಿನಲ್ಲೇ ಥಂಡಿ ಅತಿ ಹೆಚ್ಚು. ಜನವರಿಯಲ್ಲಿ ನಮ್ಮಲ್ಲಿ ಹೊತ್ತು ಮೂಡುವುದು ಏಳು ಗಂಟೆಯ ಹತ್ತಿರ. ಉಳಿದ ದಿನ ಶಾಲೆ ತಡವಾಗಿ ಶುರುವಾಗುವುದರಿಂದ ಅಷ್ಟೊತ್ತಿಗೆ ಬಿಸಿಲು ಏರಿರುತ್ತದೆ. ಶನಿವಾರ ಮುಂಜಾನೆಯ ಶಾಲೆ. ಸಣ್ಣವರು ಏಳಕ್ಕೇ ಮನೆ ಬಿಡುತ್ತಾರೆ. ಅಂದರೆ ದಿನದ ಅತಿ ಥಂಡಿಯ ಹೊತ್ತಿನಲ್ಲಿ ಅತಿ ಸಣ್ಣ ಮಕ್ಕಳು ದಾರಿಯಲ್ಲಿರುತ್ತಾರೆ.

ಸಣ್ಣವರಿಗೇ ಯಾಕೆ ಹೆಚ್ಚು?

ನಮ್ಮ ಅಜ್ಜಿ "ಥಂಡಿ ಕಿವಿಯಾಗಿಂದ ಒಳಗ ಹೋಗ್ತೈತಿ" ಅನ್ನುತ್ತಾಳೆ. ಸರ್ ಹೇಳಿದರು, ಥಂಡಿ ಅನ್ನುವುದು ಒಳಗೆ ಬರುವ ವಸ್ತು ಅಲ್ಲ, ನಮ್ಮ ಮೈಯ ಶಾಖ ಹೊರಗೆ ಹೋಗುವುದೇ ಥಂಡಿ. ನಮ್ಮ ಮೈಯ ಉಷ್ಣತೆ ಸುಮಾರು 37 ಡಿಗ್ರಿ. ಹೊರಗೆ 12 ಡಿಗ್ರಿ ಇದ್ದರೆ ಮೈಯಿಂದ ಶಾಖ ಹೊರಗೆ ಹರಿಯುತ್ತಲೇ ಇರುತ್ತದೆ. ಅಜ್ಜಿ ಹೇಳಿದ ಕಾರಣ ಬೇರೆಯಾದರೂ ಅವಳ ಉಪಾಯ ಸರಿಯೇ ಇದೆ. ಕಿವಿ ಮುಚ್ಚಬೇಕು, ತಲೆ ಮುಚ್ಚಬೇಕು.

ಒಂದು ಕೊಡ ಬಿಸಿನೀರು ಮತ್ತು ಒಂದು ಲೋಟ ಬಿಸಿನೀರು ಪಕ್ಕದಲ್ಲಿ ಇಡಿರಿ. ಯಾವುದು ಬೇಗ ಆರುತ್ತದೆ? ಲೋಟದ್ದು. ಸಣ್ಣ ಮಕ್ಕಳು ಲೋಟ ಇದ್ದಂತೆ, ದೊಡ್ಡವರು ಕೊಡ ಇದ್ದಂತೆ. ಸಣ್ಣವರ ತೂಕ ಕಡಿಮೆ, ಆದರೆ ತೂಕಕ್ಕೆ ಹೋಲಿಸಿದರೆ ಚರ್ಮ ಹೆಚ್ಚು. ಆದ್ದರಿಂದ ಶಾಖ ಬೇಗ ಹೋಗುತ್ತದೆ. ಅವರ ತಲೆಯೂ ಮೈಗೆ ಹೋಲಿಸಿದರೆ ದೊಡ್ಡದು. ಆಗ ಹುಟ್ಟಿದ ಕೂಸಿನ ತಲೆ ಅದರ ಉದ್ದದಲ್ಲಿ ನಾಲ್ಕನೇ ಒಂದು ಪಾಲು ಇರುತ್ತದೆ. ದೊಡ್ಡವರಿಗೆ ಎಂಟನೇ ಒಂದು ಪಾಲಿನ ಹತ್ತಿರ. ಹೀಗಾಗಿ ಸಣ್ಣವರ ತಲೆಯಿಂದ ಹೋಗುವ ಶಾಖ ಸಣ್ಣದಲ್ಲ.

ಥಂಡಿ ಹೆಚ್ಚಾದಾಗ ಮೈ ಒಂದು ಉಪಾಯ ಮಾಡುತ್ತದೆ. ಹೃದಯ, ಹೊಟ್ಟೆ ಬೆಚ್ಚಗಿರಲಿ ಅಂತ ರಕ್ತವನ್ನು ಒಳಗೆ ಇಟ್ಟುಕೊಂಡು ಕೈ ಕಾಲಿನ ತುದಿಗೆ ಕಡಿಮೆ ಕಳಿಸುತ್ತದೆ. ಅದಕ್ಕೇ ಬೆರಳು ಮೊದಲು ಮರಗಟ್ಟುತ್ತವೆ. ಬರೆಯಲು ಬರುವುದಿಲ್ಲ, ಗುಂಡಿ ಬಿಚ್ಚಲು ಬರುವುದಿಲ್ಲ. ಥಂಡಿಯಲ್ಲಿ ಒಂದಕ್ಕೆ ಕೂಡ ಹೆಚ್ಚು ಬರುತ್ತದೆ. ಒಳಗೆ ರಕ್ತ ಹೆಚ್ಚಾಗಿದ್ದರಿಂದ ಮೂತ್ರಪಿಂಡಗಳು ಹೆಚ್ಚು ಮೂತ್ರ ತಯಾರಿಸುತ್ತವೆ, ಬೆವರೂ ಹೋಗುವುದಿಲ್ಲ. ಒಂದಕ್ಕೆ ಅವಸರ, ಗುಂಡಿ ಬಿಚ್ಚಲು ಬೆರಳು ಬರುವುದಿಲ್ಲ. ಹೀಗಾಗಿ ನಲಿ-ಕಲಿ ಕೋಣೆಯ ಮಕ್ಕಳು ಚಡ್ಡಿ ಒದ್ದೆ ಮಾಡಿಕೊಳ್ಳುತ್ತಾರೆ. ಅವರು ಬೇಕಂತ ಮಾಡುವುದಿಲ್ಲ. ದಯವಿಟ್ಟು ಯಾರೂ ನಗಬಾರದು.

ಇನ್ನೊಂದು ಮಾತು. ನಮಗೆ ಥಂಡಿಯಾದರೆ ನಾವು ಹೇಳುತ್ತೇವೆ. ಸಣ್ಣವರು ಹೇಳುವುದಿಲ್ಲ. ಸುಮ್ಮನೆ ಮೂಲೆಯಲ್ಲಿ ಮುದುಡಿ ಕೂಡುತ್ತಾರೆ, ಇಲ್ಲವೆ ಕಿರಿಕಿರಿ ಮಾಡಿ ಅಳುತ್ತಾರೆ. "ಇವ ಮಂದ", "ಇವ ಹಟಮಾರಿ" ಅನ್ನುವ ಮೊದಲು ಅವರ ಕೈ ಮುಟ್ಟಿ ನೋಡಬೇಕು.

ನಾವು ಮಾಡಿದ ಪ್ರಯೋಗ

ಬೇಕಾಗುವ ಸಾಮಾನು: ಒಂದೇ ಅಳತೆಯ ನಾಲ್ಕು ಸ್ಟೀಲ್ ತಂಬಿಗೆ, ಮುಚ್ಚಲು ನಾಲ್ಕು ತಾಟು, ಬಿಸಿನೀರು, ಒಂದು ಟಾವೆಲ್, ಹಳೆಯ ಸೀರೆಯ ತುಂಡುಗಳು. ಬಿಸಿನೀರನ್ನು ದೊಡ್ಡವರೇ ಹಾಕಿಕೊಡಬೇಕು. ನಮಗೆ ಅಡುಗೆಯ ಅಕ್ಕ ಹಾಕಿಕೊಟ್ಟರು, ಸರ್ ಪಕ್ಕದಲ್ಲಿ ನಿಂತಿದ್ದರು.

ವಿಧಾನ: ನಾಲ್ಕರಲ್ಲೂ ಸಮನಾಗಿ ಬಿಸಿನೀರು ಹಾಕಿ ತಾಟು ಮುಚ್ಚಿದೆವು. ಮೊದಲನೆಯದಕ್ಕೆ ಏನೂ ಸುತ್ತಲಿಲ್ಲ. ಎರಡನೆಯದಕ್ಕೆ ಟಾವೆಲನ್ನು ಒಂದು ಸುತ್ತು ಬಿಗಿಯಾಗಿ ಸುತ್ತಿದೆವು. ಮೂರನೆಯದಕ್ಕೆ ಹಳೆಯ ಸೀರೆಯ ತೆಳು ಬಟ್ಟೆಯನ್ನು ಬಹಳಷ್ಟು ಪದರಾಗಿ ಸಡಿಲಾಗಿ ಸುತ್ತಿದೆವು. ನಾಲ್ಕನೆಯದಕ್ಕೆ ಒದ್ದೆ ಬಟ್ಟೆ ಸುತ್ತಿದೆವು. ನಾಲ್ಕನ್ನೂ ಹೊರಗೆ ಗಾಳಿಯಲ್ಲಿ ಒಂದು ತಾಸು ಇಟ್ಟೆವು.

ಫಲಿತಾಂಶ: ಒದ್ದೆ ಬಟ್ಟೆಯ ತಂಬಿಗೆಯ ನೀರು ಎಲ್ಲಕ್ಕಿಂತ ತಣ್ಣಗಾಗಿತ್ತು. ಏನೂ ಸುತ್ತದ ತಂಬಿಗೆ ಕೂಡ ಅದಕ್ಕಿಂತ ವಾಸಿ. ಪದರು ಪದರಾಗಿ ಸುತ್ತಿದ್ದು ಎಲ್ಲಕ್ಕಿಂತ ಬಿಸಿ ಇತ್ತು.

ತಿಳಿದುಬಂದ ಅಂಶ: ಬಟ್ಟೆ ತಾನೇ ಶಾಖ ತಯಾರಿಸುವುದಿಲ್ಲ. ಪದರುಗಳ ನಡುವೆ ಗಾಳಿ ಸಿಕ್ಕಿಕೊಳ್ಳುತ್ತದೆ. ಅಲ್ಲಾಡದೆ ನಿಂತ ಗಾಳಿ ಶಾಖವನ್ನು ಸುಲಭವಾಗಿ ಹೊರಗೆ ಬಿಡುವುದಿಲ್ಲ. ನಮ್ಮ ಅಜ್ಜಿಯಂದಿರು ಹಳೆಯ ಸೀರೆ, ಧೋತರ ಒಂದರ ಮೇಲೊಂದು ಇಟ್ಟು ಹೊಲಿಯುವ ಕೌದಿ ಬೆಚ್ಚಗಿರುವುದು ಇದೇ ಕಾರಣಕ್ಕೆ. ಕಂಬಳಿಯ ಉಣ್ಣೆಯ ಎಳೆ ಗುಂಗುರು ಗುಂಗುರಾಗಿ ಇರುವುದರಿಂದ ಅದರಲ್ಲೂ ಗಾಳಿ ನಿಲ್ಲುತ್ತದೆ. ಒದ್ದೆ ಬಟ್ಟೆ ಮಾತ್ರ ವೈರಿ. ನೀರು ಆವಿಯಾಗುವಾಗ ಶಾಖ ಎಳೆದುಕೊಂಡು ಹೋಗುತ್ತದೆ. ಬೇಸಿಗೆಯಲ್ಲಿ ಮಣ್ಣಿನ ಕೊಡದ ನೀರು ತಣ್ಣಗಾಗುವುದು ಹೀಗೆಯೇ. ಥಂಡಿಯಲ್ಲಿ ಒದ್ದೆ ತಲೆಯಲ್ಲಿ ಶಾಲೆಗೆ ಬಂದರೆ ನಮ್ಮ ತಲೆಯೂ ಮಣ್ಣಿನ ಕೊಡ ಆಗುತ್ತದೆ.

ಹಿಂದಿನ ರಾತ್ರಿಯ ತಯಾರಿ

ಶನಿವಾರದ ತಯಾರಿ ಶುಕ್ರವಾರ ರಾತ್ರಿಯೇ ಆಗಬೇಕು. ಮುಂಜಾನೆ ಕತ್ತಲಲ್ಲಿ ಹುಡುಕಿದರೆ ಏನೂ ಸಿಗುವುದಿಲ್ಲ.

1. ಸಮವಸ್ತ್ರ ಮತ್ತು ಸಾಕ್ಸ್ ಪೂರ್ತಿ ಒಣಗಿವೆಯೇ ಎಂದು ಮುಟ್ಟಿ ನೋಡಿರಿ. ಸಂಜೆ ಹಗ್ಗದ ಮೇಲೆ ಬಿಟ್ಟ ಬಟ್ಟೆ ಇಬ್ಬನಿಗೆ ಮತ್ತೆ ತೇವವಾಗುತ್ತದೆ. ಹೊತ್ತು ಮುಳುಗುವ ಮೊದಲೇ ಒಳಗೆ ತರಬೇಕು.

2. ಒಳಅಂಗಿ, ಅಂಗಿ, ಸ್ವೆಟರ್, ಟೊಪ್ಪಿಗೆ, ಸಾಕ್ಸ್ ಎಲ್ಲವನ್ನೂ ಒಂದೇ ಕಡೆ ಇಟ್ಟು ಮಲಗಿರಿ.

3. ಕೊಬ್ಬರಿ ಎಣ್ಣೆಯ ಬಾಟಲಿ ನೋಡಿರಿ. ಸುಮಾರು 24 ಡಿಗ್ರಿಗಿಂತ ಕೆಳಗೆ ಬಂದರೆ ಅದು ಹೆಪ್ಪುಗಟ್ಟುತ್ತದೆ. ರಾತ್ರಿ ಊಟದ ಹೊತ್ತಿಗೇ ಎಣ್ಣೆ ಗಟ್ಟಿಯಾಗಿದ್ದರೆ ಮುಂಜಾನೆ ಥಂಡಿ ಜೋರು ಅಂತ ತಿಳಿಯಿರಿ. ಇದು ನಮ್ಮ ಮನೆಯ ಥರ್ಮಾಮೀಟರ್.

4. ಮಲಗುವ ಮೊದಲು ಕೈ, ಕಾಲು, ಗಲ್ಲ, ತುಟಿಗೆ ಸ್ವಲ್ಪ ಎಣ್ಣೆ ಅಥವಾ ಬೆಣ್ಣೆ ಹಚ್ಚಿರಿ. ಚಳಿಗಾಲದ ಗಾಳಿ ಒಣಗಿದ್ದು ಚರ್ಮದ ತೇವ ಎಳೆದುಕೊಳ್ಳುತ್ತದೆ, ಆದ್ದರಿಂದ ತುಟಿ, ಹಿಮ್ಮಡಿ ಒಡೆಯುತ್ತವೆ. ಸಣ್ಣವರು ತುಟಿಯನ್ನು ನಾಲಿಗೆಯಿಂದ ನೆಕ್ಕುತ್ತಾರೆ. ಎಂಜಲು ಆರಿದಾಗ ತುಟಿ ಇನ್ನೂ ಒಡೆಯುತ್ತದೆ. ನೆಕ್ಕಬೇಡ ಅಂತ ಹೇಳಿಕೊಡಿರಿ.

ಮುಂಜಾನೆ ಎದ್ದ ಮೇಲೆ

ಸ್ನಾನ: ಉಗುರು ಬೆಚ್ಚಗಿನ ನೀರು ಸಾಕು. ಶನಿವಾರ ಮುಂಜಾನೆ ಸಣ್ಣವರಿಗೆ ತಲೆಯ ಮೇಲೆ ನೀರು ಹಾಕಬೇಡಿರಿ. ಎರೆಯುವುದಿದ್ದರೆ ರವಿವಾರ ಬಿಸಿಲು ಏರಿದ ಮೇಲೆ ಎರೆಯಿರಿ. ಹುಡುಗಿಯರು ಒದ್ದೆ ಕೂದಲಿಗೆ ಜಡೆ ಹಾಕಿದರೆ ಮಧ್ಯಾಹ್ನದವರೆಗೂ ಒಳಗೆ ಆರುವುದಿಲ್ಲ.

ತಿನ್ನುವುದು: ನಡುಕ ಯಾಕೆ ಬರುತ್ತದೆ ಗೊತ್ತೇ? ಸ್ನಾಯುಗಳು ಬೇಗ ಬೇಗ ಅಲ್ಲಾಡಿ ಶಾಖ ತಯಾರಿಸುತ್ತವೆ. ಅದಕ್ಕೆ ಉರುವಲು ಬೇಕು. ಒಲೆಗೆ ಕಟ್ಟಿಗೆ ಹೇಗೋ ಮೈಗೆ ಅನ್ನ, ರೊಟ್ಟಿ ಹಾಗೆ. ಬರೀ ಚಹಾ ಕುಡಿದು ಬಂದ ಮಗು ಬೇಗ ಸೋಲುತ್ತದೆ. ಬಿಸಿ ಜೋಳದ ರೊಟ್ಟಿ, ಅಗಸಿ ಹಿಂಡಿ ಅಥವಾ ಶೇಂಗಾ ಹಿಂಡಿ, ಎಳ್ಳು ಹಚ್ಚಿದ ಸಜ್ಜಿ ರೊಟ್ಟಿ, ಶೇಂಗಾ ಬೆಲ್ಲದ ಉಂಡಿ, ಯಾವುದಾದರೂ ಆದೀತು. ಎಳ್ಳು, ಅಗಸಿ, ಶೇಂಗಾದಲ್ಲಿ ಎಣ್ಣೆಯ ಅಂಶ ಹೆಚ್ಚು. ಒಂದು ತೂಕದ ಎಣ್ಣೆ, ಅಷ್ಟೇ ತೂಕದ ಹಿಟ್ಟಿಗಿಂತ ಎರಡು ಪಟ್ಟಿಗೂ ಹೆಚ್ಚು ಶಕ್ತಿ ಕೊಡುತ್ತದೆ. ಸಂಕ್ರಾಂತಿಗೆ ಎಳ್ಳು ಬೆಲ್ಲ, ಎಳ್ಳ ಅಮಾವಾಸ್ಯೆಗೆ ಹೊಲದಲ್ಲಿ ಎಳ್ಳು ಹಚ್ಚಿದ ರೊಟ್ಟಿ ಮಾಡುವುದು ಥಂಡಿಯ ಕಾಲಕ್ಕೆ ಸರಿಯಾಗಿಯೇ ಇದೆ. ಊಟ ಬಲ್ಲವನಿಗೆ ರೋಗವಿಲ್ಲ ಎಂದು ಗಾದೆಯೇ ಇದೆಯಲ್ಲ. 2013ರಲ್ಲಿ ಶುರುವಾದ ಕ್ಷೀರಭಾಗ್ಯ ಯೋಜನೆಯಿಂದ ಶಾಲೆಯಲ್ಲಿ ಬಿಸಿ ಹಾಲು ಕೊಡುತ್ತಾರೆ. ಸಣ್ಣವರು ಅದನ್ನು ಚೆಲ್ಲದೆ ಕುಡಿಯುವಂತೆ ನೋಡಿಕೊಳ್ಳಬೇಕು. ಆದರೆ ಹಾಲು ಸಿಗುವವರೆಗೆ ಖಾಲಿ ಹೊಟ್ಟೆಯಲ್ಲಿ ಇರಿಸಬಾರದು.

ಬಟ್ಟೆ: ಒಂದು ದಪ್ಪ ಬಟ್ಟೆಗಿಂತ ಮೂರು ತೆಳು ಬಟ್ಟೆ ಒಳ್ಳೆಯದು. ಮೊದಲು ಮೈಗೆ ಹತ್ತುವ ಹತ್ತಿಯ ಬನಿಯನ್. ಅದರ ಮೇಲೆ ಅಂಗಿ. ಅದರ ಮೇಲೆ ಸ್ವೆಟರ್. ಸ್ವೆಟರ್ ಇಲ್ಲದಿದ್ದರೆ ಸಮವಸ್ತ್ರದ ಒಳಗೆ ಇನ್ನೊಂದು ಹಳೆಯ ಅಂಗಿ ಹಾಕಿದರೂ ಆಗುತ್ತದೆ, ಅದಕ್ಕೆ ಒಂದು ಪೈಸೆ ಖರ್ಚಿಲ್ಲ. ಸಾಕ್ಸ್ ಬಿಗಿ ಇರಬಾರದು. ಬೂಟಿನಲ್ಲಿ ಬೆರಳು ಅಲ್ಲಾಡಬೇಕು. ಬಿಗಿ ಆದರೆ ರಕ್ತ ಸರಿಯಾಗಿ ಹೋಗದೆ ಕಾಲು ಇನ್ನೂ ತಣ್ಣಗಾಗುತ್ತದೆ. ಮಫ್ಲರಿನ ತುದಿ ಜೋತು ಬಿಡಬಾರದು. ಸೈಕಲ್ ಗಾಲಿಯಲ್ಲಿ, ಜಾರುಬಂಡಿಯಲ್ಲಿ ಸಿಕ್ಕಿಕೊಂಡರೆ ಕುತ್ತಿಗೆಗೆ ಉರುಲಾಗುತ್ತದೆ. ತುದಿಯನ್ನು ಅಂಗಿಯ ಒಳಗೆ ಸೇರಿಸಿರಿ.

ಸಾಕಷ್ಟು ಬೆಚ್ಚಗಿದೆಯೇ ಎಂದು ತಿಳಿಯುವುದು ಹೇಗೆ? ಅಂಗಿಯ ಒಳಗೆ ಕೈ ಹಾಕಿ ಮಗುವಿನ ಹಿಂಗುತ್ತಿಗೆ ಮುಟ್ಟಿರಿ. ಬೆಚ್ಚಗೆ ಒಣಗಿದ್ದರೆ ಸರಿ. ತಣ್ಣಗಿದ್ದರೆ ಇನ್ನೊಂದು ಪದರು ಹಾಕಿರಿ. ಬೆವರಿದ್ದರೆ ಒಂದು ತೆಗೆಯಿರಿ. ಬೆವರಿದ ಬನಿಯನ್ ಅಂದರೆ ನಾಲ್ಕನೆಯ ತಂಬಿಗೆ ಎಂದು ನೆನಪಿಡಿ.

ಶಾಲೆಯಲ್ಲಿ

ನಮ್ಮ ಪ್ರಾರ್ಥನೆಯ ಜಾಗ ಕಟ್ಟಡದ ಪಶ್ಚಿಮಕ್ಕಿದೆ. ಮುಂಜಾನೆ ಸೂರ್ಯ ಪೂರ್ವದಲ್ಲಿ ಇರುವುದರಿಂದ ಕಟ್ಟಡದ ನೆರಳು ಪೂರ್ತಿ ನಮ್ಮ ಮೇಲೆಯೇ ಬೀಳುತ್ತದೆ. ಕಟ್ಟಡದ ಪೂರ್ವಕ್ಕೆ ಅಡುಗೆ ಕೋಣೆಯ ಮುಂದೆ ಅದೇ ಹೊತ್ತಿಗೆ ಒಳ್ಳೆ ಬಿಸಿಲು ಇರುತ್ತದೆ. ಚಳಿಗಾಲದ ಎರಡು ತಿಂಗಳು ಶನಿವಾರದ ಪ್ರಾರ್ಥನೆ ಮತ್ತು ಕವಾಯತು ಅಲ್ಲಿ ಮಾಡಿದರೆ ಒಳ್ಳೆಯದು ಎಂದು ಮುಖ್ಯ ಗುರುಗಳಲ್ಲಿ ನಮ್ಮ ನಮ್ರ ವಿನಂತಿ.

ನಲಿ-ಕಲಿ ಕೋಣೆಯಲ್ಲಿ ಮಕ್ಕಳು ನೆಲದ ಮೇಲೆ ಕೂಡುತ್ತಾರೆ. ನೆಲ ಪರಸಿ ಕಲ್ಲಿನದು. ಪರಸಿ ಮತ್ತು ಗೋಣಿತಟ್ಟು ಒಂದೇ ಕೋಣೆಯಲ್ಲಿ ಇದ್ದರೂ ಪರಸಿಯೇ ಹೆಚ್ಚು ತಣ್ಣಗೆ ಅನಿಸುತ್ತದೆ. ಯಾಕೆಂದರೆ ಕಲ್ಲು ನಮ್ಮ ಶಾಖವನ್ನು ಬೇಗ ಎಳೆದುಕೊಳ್ಳುತ್ತದೆ, ಗೋಣಿ ನಿಧಾನ. ಆದ್ದರಿಂದ ಪ್ರತಿ ಮಗುವೂ ಗೋಣಿತಟ್ಟಿನ ಮೇಲೆ ಕೂಡಬೇಕು. ಬಹಳ ಥಂಡಿ ಇದ್ದ ದಿನ ಮೊದಲ ಪಿರಿಯಡ್ ಬಿಸಿಲಿನಲ್ಲಿ ಕೂತು ಬಾಯಿಲೆಕ್ಕ, ಕಥೆ ಹೇಳುವುದು ಮಾಡಬಹುದು. ಬೆರಳು ಬೆಚ್ಚಗಾದ ಮೇಲೆ ಬರವಣಿಗೆ. ಅಂಗೈ ತಿಕ್ಕುವುದು, ಕಂಕುಳಲ್ಲಿ ಕೈ ಇಟ್ಟುಕೊಳ್ಳುವುದು, ನಿಂತಲ್ಲೇ ಜಿಗಿಯುವುದು ಮಾಡಿದರೂ ಬೆರಳಿಗೆ ರಕ್ತ ಬರುತ್ತದೆ.

ಗಾಳಿ ಬರುವ ಕಡೆಯ ಕಿಟಕಿ ಮುಚ್ಚಿರಿ, ಆದರೆ ಎಲ್ಲ ಕಿಟಕಿ ಮುಚ್ಚಬೇಡಿರಿ. ನೀರು ಕುಡಿಯುವುದನ್ನು ಬಿಡಬೇಡಿರಿ. ಥಂಡಿಯಲ್ಲಿ ನೀರಡಿಕೆ ಅನಿಸುವುದಿಲ್ಲ, ಆದರೆ ಮೈಗೆ ನೀರು ಬೇಕೇ ಬೇಕು. ಒಂದಕ್ಕೆ ಬಿಟ್ಟಾಗ ದೊಡ್ಡವರು ಸಣ್ಣವರ ಗುಂಡಿ, ಹುಕ್ಕು ಬಿಚ್ಚಿಕೊಡಿರಿ. ಚಡ್ಡಿ ಒದ್ದೆಯಾದರೆ ಬದಲಿಸಲು ಒಂದೆರಡು ಒಣ ಚಡ್ಡಿ ಶಾಲೆಯಲ್ಲೇ ಇರಲಿ.

ಬೆಂಕಿ ಕಾಯಿಸುವಾಗ

ಓಣಿಯಲ್ಲಿ ಬೆಂಕಿ ಹಾಕಿ ಕೂಡುವುದು ನಮಗೆಲ್ಲ ಇಷ್ಟ. ಆದರೆ ಅದರಲ್ಲಿ ಅಪಾಯವಿದೆ. ಸಣ್ಣವರು ಬೆಂಕಿಗೆ ಬೆನ್ನು ಮಾಡಿ ಕೂಡುತ್ತಾರೆ, ಹಿಂದಿನ ಲಂಗದ ಅಂಚಿಗೆ ಬೆಂಕಿ ಹತ್ತಿದ್ದು ಗೊತ್ತಾಗುವುದಿಲ್ಲ. ನೈಲಾನ್, ಪಾಲಿಯೆಸ್ಟರ್ ಬಟ್ಟೆ ಕರಗಿ ಚರ್ಮಕ್ಕೆ ಅಂಟುತ್ತದೆ. ಬಟ್ಟೆಗೆ ಬೆಂಕಿ ಹತ್ತಿದರೆ ಓಡಬಾರದು, ಓಡಿದರೆ ಗಾಳಿಗೆ ಬೆಂಕಿ ಹೆಚ್ಚಾಗುತ್ತದೆ. ನೆಲಕ್ಕೆ ಬಿದ್ದು ಉರುಳಬೇಕು. ದೊಡ್ಡವರು ದಪ್ಪ ಕಂಬಳಿ ಹಾಕಿ ಒತ್ತಬೇಕು. ಸುಟ್ಟ ಜಾಗಕ್ಕೆ ಹರಿಯುವ ತಣ್ಣೀರನ್ನು 20 ನಿಮಿಷ ಹಾಕಬೇಕು. ಟೂತ್‌ಪೇಸ್ಟ್, ಇಂಕು ಹಚ್ಚಬಾರದು. ಆಮೇಲೆ ದವಾಖಾನೆಗೆ ಹೋಗಬೇಕು. ಟೈರು, ಪ್ಲಾಸ್ಟಿಕ್ ಸುಡಬೇಡಿರಿ, ಅದರ ಹೊಗೆ ವಿಷ.

ಇನ್ನೂ ದೊಡ್ಡ ಅಪಾಯ ಶೇಗಡಿಯದು. ಕೆಲವರು ಬಾಣಂತಿ ಕೋಣೆಯಲ್ಲಿ, ಮಕ್ಕಳು ಮಲಗುವ ಕೋಣೆಯಲ್ಲಿ ಕೆಂಡದ ಶೇಗಡಿ ಇಟ್ಟು ಬಾಗಿಲು ಹಾಕಿಕೊಳ್ಳುತ್ತಾರೆ. ಇದ್ದಲು ಉರಿಯುವಾಗ ಕಾರ್ಬನ್ ಮಾನಾಕ್ಸೈಡ್ ಎಂಬ ಅನಿಲ ಬರುತ್ತದೆ. ಅದಕ್ಕೆ ಬಣ್ಣವಿಲ್ಲ, ವಾಸನೆ ಇಲ್ಲ. ಅದು ರಕ್ತದಲ್ಲಿ ಆಮ್ಲಜನಕದ ಜಾಗವನ್ನು ಹಿಡಿಯುತ್ತದೆ. ಮಲಗಿದವರು ಮಲಗಿದಂತೆಯೇ ಸಾಯಬಹುದು. ಆದ್ದರಿಂದ ಮುಚ್ಚಿದ ಕೋಣೆಯಲ್ಲಿ ಶೇಗಡಿ ಇಟ್ಟು ಎಂದೂ ಮಲಗಬಾರದು. ಈ ಮಾತನ್ನು ಮನೆಯಲ್ಲಿ ತಪ್ಪದೆ ಹೇಳಿರಿ.

ನೆಗಡಿ, ಕೆಮ್ಮು ಬಂದರೆ

ನೆಗಡಿ ಬರುವುದು ಥಂಡಿಯಿಂದ ಅಲ್ಲ, ವೈರಸ್‌ನಿಂದ. ನೆಗಡಿ ತರುವ ವೈರಸ್‌ಗಳಲ್ಲಿ 200ಕ್ಕಿಂತ ಹೆಚ್ಚು ಬಗೆ ಇವೆ. ಚಳಿಗಾಲದಲ್ಲಿ ಎಲ್ಲರೂ ಬಾಗಿಲು ಹಾಕಿಕೊಂಡು ಒತ್ತಿ ಕೂಡುವುದರಿಂದ ಒಬ್ಬರಿಂದ ಒಬ್ಬರಿಗೆ ಬೇಗ ಹರಡುತ್ತದೆ. ಮೂಗು ಒರೆಸಿದ ಕೈಯನ್ನು ಸಾಬೂನಿನಿಂದ ತೊಳೆಯಬೇಕು. ಕೆಮ್ಮುವಾಗ ಮೊಣಕೈ ಅಡ್ಡ ಹಿಡಿಯಬೇಕು.

ಬರೀ ನೆಗಡಿ ತಾನಾಗಿ ಹೋಗುತ್ತದೆ. ಆದರೆ ನ್ಯುಮೋನಿಯಾ ಆದರೆ ಸಣ್ಣ ಮಕ್ಕಳ ಜೀವಕ್ಕೆ ಅಪಾಯ. ಅದನ್ನು ಗುರುತಿಸಲು ಆಶಾ ಅಕ್ಕ ಒಂದು ಉಪಾಯ ಹೇಳಿಕೊಟ್ಟರು. ಮಗು ಅಳದೆ ಸುಮ್ಮನಿದ್ದಾಗ ಎದೆ ಅಥವಾ ಹೊಟ್ಟೆ ಎಷ್ಟು ಸಲ ಏಳುತ್ತದೆ ಎಂದು ಗಡಿಯಾರ ನೋಡಿ ಪೂರ್ತಿ ಒಂದು ನಿಮಿಷ ಎಣಿಸಬೇಕು.

2 ತಿಂಗಳೊಳಗಿನ ಕೂಸು: 60 ಅಥವಾ ಹೆಚ್ಚು ಆದರೆ ಅಪಾಯ.
2 ತಿಂಗಳಿಂದ 1 ವರ್ಷದೊಳಗೆ: 50 ಅಥವಾ ಹೆಚ್ಚು ಆದರೆ ಅಪಾಯ.
1ರಿಂದ 5 ವರ್ಷದೊಳಗೆ: 40 ಅಥವಾ ಹೆಚ್ಚು ಆದರೆ ಅಪಾಯ.

ಉಸಿರು ಎಳೆದಾಗ ಎದೆಯ ಕೆಳಭಾಗ ಒಳಗೆ ಹೋಗುವುದು, ಹಾಲು ನೀರು ಕುಡಿಯದಿರುವುದು, ತುಟಿ ನೀಲಿಯಾಗುವುದು, ಎಬ್ಬಿಸಿದರೂ ಏಳದಿರುವುದು, ಇವು ಯಾವ ವಯಸ್ಸಿನವರಿಗೆ ಕಂಡರೂ ಮನೆಮದ್ದು ಮಾಡುತ್ತಾ ಕೂಡಬಾರದು. ಕೂಡಲೇ ಆರೋಗ್ಯ ಕೇಂದ್ರಕ್ಕೆ ಹೋಗಬೇಕು ಅಥವಾ 108ಕ್ಕೆ ಫೋನ್ ಮಾಡಬೇಕು. ಅವ್ವ ಅಪ್ಪ ಹೊಲದಲ್ಲಿದ್ದಾಗ ಮನೆಯಲ್ಲಿ ತಮ್ಮ ತಂಗಿಯರನ್ನು ನೋಡಿಕೊಳ್ಳುವವರು ನಾವೇ. ಆದ್ದರಿಂದ ಈ ಎಣಿಕೆ ನಮಗೆ ಬಾಯಿಪಾಠ ಬರಬೇಕು.

ಬಟ್ಟೆಯ ಟ್ರಂಕು

ಎಲ್ಲರ ಮನೆಯಲ್ಲೂ ಸ್ವೆಟರ್ ಇಲ್ಲ. ಆದರೆ ಕೆಲವರ ಮನೆಯಲ್ಲಿ ಸಣ್ಣದಾದ ಸ್ವೆಟರ್, ಟೊಪ್ಪಿಗೆ ಸುಮ್ಮನೆ ಬಿದ್ದಿವೆ. ಅಂಥವನ್ನು ತೊಳೆದು ಒಣಗಿಸಿ ಅಕ್ಕೋರ ಹತ್ತಿರ ಕೊಡಿರಿ. ಅವರು ಒಂದು ಟ್ರಂಕಿನಲ್ಲಿ ಇಡಲು ಒಪ್ಪಿದ್ದಾರೆ. ಯಾರು ಕೊಟ್ಟರು, ಯಾರು ತೆಗೆದುಕೊಂಡರು ಎಂದು ಎಲ್ಲಿಯೂ ಬರೆಯುವುದಿಲ್ಲ, ಪ್ರಾರ್ಥನೆಯಲ್ಲಿ ಹೇಳುವುದೂ ಇಲ್ಲ. ತಮ್ಮ ಹಳೆಯ ಸ್ವೆಟರ್ ಬೇರೆಯವರ ಮೈಮೇಲೆ ಕಂಡರೆ "ಅದು ನಂದು" ಅಂತ ಯಾರೂ ಅನ್ನಬಾರದು. ಇದು ಬಹಳ ಮುಖ್ಯ.

ಕೊನೆಯ ಮಾತು

ಹೋದ ಶನಿವಾರ ನಾನು ನಮ್ಮವ್ವನ ಹಳೆಯ ಸ್ಕಾರ್ಫ್ ತಲೆಗೆ ಕಟ್ಟಿಕೊಂಡು ಬಂದೆ. ನನ್ನ ಮೂವರು ಗೆಳತಿಯರೂ ಏನೇನೋ ಕಟ್ಟಿಕೊಂಡು ಬಂದರು. ಒಬ್ಬಳಂತೂ ಅಪ್ಪನ ಟಾವೆಲ್ ಸುತ್ತಿಕೊಂಡಿದ್ದಳು, ನೋಡಲು ಕುರಿ ಕಾಯುವ ಅಜ್ಜನ ಹಾಗೆಯೇ ಇದ್ದಳು. ನಾವೇ ನಮ್ಮನ್ನು ನೋಡಿ ನಕ್ಕೆವು. ಬಾವಿಯ ತಿರುವಿಗೆ ಬಂದಾಗ ಆ ಹುಡುಗ ನಿಂತ. ಅವನ ಕೈ ಕುಂಚಿಗಿಯ ಮೇಲೆ ಇತ್ತು. ನಮ್ಮ ನಾಲ್ವರ ತಲೆಯನ್ನೂ ಒಂದೊಂದಾಗಿ ನೋಡಿದ. ಆಮೇಲೆ ಕೈ ಕೆಳಗೆ ಬಿಟ್ಟು ನಡೆಯತೊಡಗಿದ. ಅವತ್ತು ಪಾಟಿಯ ಮೇಲೆ ಅ ದಿಂದ ಅಃ ವರೆಗೆ ಪೂರ್ತಿ ಬರೆದ ಎಂದು ಅಕ್ಕೋರು ಹೇಳಿದರು.

ಶಿವರಾತ್ರಿ ಬಂದರೆ ಥಂಡಿ ಶಿವ ಶಿವ ಅಂತ ಹೋಗುತ್ತದೆ ಎಂದು ಹಿರಿಯರು ಹೇಳುತ್ತಾರೆ. ಅಲ್ಲಿಯವರೆಗೆ ಇನ್ನೂ ಬಹಳ ಶನಿವಾರಗಳಿವೆ. ಆದ್ದರಿಂದ ಐದು, ಆರು, ಏಳನೇ ತರಗತಿಯವರೆಲ್ಲರೂ ತಮ್ಮ ಓಣಿಯ ಸಣ್ಣವರ ಕೈ ಮುಟ್ಟಿ, ಹಿಂಗುತ್ತಿಗೆ ಮುಟ್ಟಿ ನೋಡಿಯೇ ಶಾಲೆಗೆ ಕರೆದುಕೊಂಡು ಬರಬೇಕೆಂದು ಕೇಳಿಕೊಳ್ಳುತ್ತೇನೆ. ಯಾರು ಏನು ಹಾಕಿಕೊಂಡು ಬಂದರೂ ನಗಬೇಡಿರಿ. ಇಷ್ಟು ಹೇಳಿ ನನ್ನ ಲೇಖನವನ್ನು ಮುಗಿಸುತ್ತೇನೆ. ತಪ್ಪಿದ್ದರೆ ಕ್ಷಮಿಸಿರಿ.

— ಏಳನೇ ತರಗತಿಯ ವಿದ್ಯಾರ್ಥಿನಿ